ಒಪ್ಪಿಗೆ ಪತ್ರ ಕನ್ನಡದಲ್ಲಿದೆ, ಫಲಿತಾಂಶ ಎಲ್ಲಿದೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ದಾವಣಗೆರೆಯಲ್ಲಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುವವಳು. ನಮ್ಮೂರು ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರು, ಈಗ ಕಾಲೇಜುಗಳ ಊರು. ಹಾಗಾಗಿ ನನ್ನ ಗಿರಾಕಿಗಳಲ್ಲಿ ವಿದ್ಯಾರ್ಥಿಗಳೇ ಜಾಸ್ತಿ. ಅವರಲ್ಲೂ ಮೆಡಿಕಲ್ ಪಿಜಿ ಮಾಡುವ ಡಾಕ್ಟರುಗಳು ಬರತೊಡಗಿದರೆ ರಾತ್ರಿ ಹನ್ನೊಂದಾದರೂ ಶಟರ್ ಎಳೆಯುವ ಹಾಗಿಲ್ಲ. ಥೀಸಿಸ್ ಕೊಡುವ ಕೊನೇ ದಿನ ಹತ್ತಿರ ಬಂದಾಗ ಅವರಿಗೆ ಊಟವೂ ಇಲ್ಲ, ನಿದ್ದೆಯೂ ಇಲ್ಲ. ನಮಗೂ ಅಷ್ಟೆ.

ಈ ಥೀಸಿಸ್‌ಗಳ ಕೊನೆಯಲ್ಲಿ ಎರಡು ವಸ್ತು ಇದ್ದೇ ಇರುತ್ತವೆ. ಒಂದು ರೋಗಿಯ ಒಪ್ಪಿಗೆ ಪತ್ರ. ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಒಂದು. ಇನ್ನೊಂದು ಮಾಸ್ಟರ್ ಚಾರ್ಟ್. ಅಧ್ಯಯನಕ್ಕೆ ಸೇರಿದ ಪ್ರತಿಯೊಬ್ಬರಿಗೂ ಅದರಲ್ಲಿ ಒಂದೊಂದು ಸಾಲು. ಹೆಸರು ಇರುವುದಿಲ್ಲ, ಇರಲೂಬಾರದು. ಒಂದು ನಂಬರು, ವಯಸ್ಸು, ಗಂಡೋ ಹೆಣ್ಣೋ, ಆಮೇಲೆ ಸಕ್ಕರೆ ಎಷ್ಟು, ಬಿಪಿ ಎಷ್ಟು, ಹಿಮೋಗ್ಲೋಬಿನ್ ಎಷ್ಟು. ಕಾಗದ ಅಡ್ಡ ಹಾಕಿ, ಅಕ್ಷರ ಇರುವೆಯಷ್ಟು ಸಣ್ಣದು ಮಾಡಿದರೂ ಒಂದು ಪುಟಕ್ಕೆ ಹಿಡಿಯುವುದಿಲ್ಲ. ಟೈಪ್ ಮಾಡುವಾಗ ಒಂದೊಂದು ಸಲ ಬೆರಳು ನಿಲ್ಲುತ್ತದೆ. ‘62, ಹೆಣ್ಣು’ ಎಂಬ ಸಾಲಿನ ಹಿಂದೆ ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹತ್ತಿ ರಕ್ತ ಕೊಡಲು ಬಂದ ಒಬ್ಬ ಹೆಣ್ಣುಮಗಳು ಇದ್ದಾಳೆ ಅಲ್ವಾ?

ನನ್ನ ಪತ್ರದ ವಿಷಯ ಇಷ್ಟೇ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಫಲಿತಾಂಶವನ್ನು ಕನ್ನಡದಲ್ಲಿ ಇವತ್ತಿನವರೆಗೂ ಟೈಪ್ ಮಾಡಿಲ್ಲ. ಯಾರೂ ಕೇಳಿಲ್ಲ.

ಇದು ನನ್ನ ತಲೆಗೆ ಹತ್ತಿದ್ದು ನನ್ನ ಸೋದರತ್ತೆಯಿಂದ. ಜಗಳೂರು ತಾಲ್ಲೂಕಿನವರು, ಸಕ್ಕರೆ ಕಾಯಿಲೆ ಇದೆ. ಒಂದು ಆಸ್ಪತ್ರೆಯಲ್ಲಿ ಅಧ್ಯಯನಕ್ಕೆ ಸೇರಿಸಿಕೊಂಡರು. ಬಹಳ ದಿನಗಳಿಂದ ಬಳಕೆಯಲ್ಲಿರುವ ಒಂದು ಗುಳಿಗೆಯನ್ನೇ ಬೇರೆ ರೀತಿಯಲ್ಲಿ ಕೊಟ್ಟು ನೋಡುವುದು. ಚೆನ್ನಾಗಿಯೇ ನೋಡಿಕೊಂಡರು, ಅದರಲ್ಲಿ ದೂರಿಲ್ಲ. ಗುಳಿಗೆ ಪುಕ್ಕಟೆ, ಪರೀಕ್ಷೆ ಪುಕ್ಕಟೆ, ಬಸ್ ಚಾರ್ಜೂ ಕೊಟ್ಟರು. ಆಮೇಲೆ ಒಂದು ದಿನ “ಇನ್ನು ಬರೋದು ಬೇಡಮ್ಮ, ಮುಗೀತು” ಅಂದರು. ಅತ್ತೆ ಈಗಲೂ ನಮ್ಮನೆಗೆ ಬಂದಾಗ ಕೇಳುತ್ತಾರೆ: “ಅಲ್ಲವ್ವಾ, ಆ ಗುಳಿಗೆ ಚಲೋನೋ ಅಲ್ಲೋ, ಏನು ಕಂಡ್ರಂತೆ?” ಹೇಳುವವರು ಯಾರು? ಅವರನ್ನು ನೋಡಿಕೊಂಡಿದ್ದ ಪಿಜಿ ಡಾಕ್ಟರು ಓದು ಮುಗಿಸಿ ಬೇರೆ ರಾಜ್ಯಕ್ಕೆ ಹೋದರು. ಓಪಿಡಿಯಲ್ಲಿ ಕೇಳಿದರೆ “ಯಾವ ಸ್ಟಡಿ?” ಅಂತ ನಮ್ಮನ್ನೇ ತಿರುಗಿ ಕೇಳಿದರು.

ನಾನು ಸುಮ್ನೆ ಕೂರುವ ಪೈಕಿ ಅಲ್ಲ. ಅತ್ತೆಯ ಚೀಲದಲ್ಲಿ ಒಪ್ಪಿಗೆ ಪತ್ರದ ಪ್ರತಿ ಇತ್ತು, ಅದರ ಮೇಲೆ ಸಿಟಿಆರ್‌ಐ ನಂಬರು ಇತ್ತು. ಓದುಗರಿಗೆ ಇದು ಗೊತ್ತಿರಲಿ. ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳನ್ನು ದಾಖಲಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಒಂದು ವೆಬ್‌ಸೈಟ್ ಇದೆ. ಅದೇ ಸಿಟಿಆರ್‌ಐ. 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ಪ್ರಯೋಗ ನಡೆಸುವವರು ಅದರಲ್ಲಿ ನೋಂದಾಯಿಸುವುದು ಕಡ್ಡಾಯವಾಯಿತು. ನಂಬರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ಆರು ಅಂಕಿ. ಯಾರು ಬೇಕಾದರೂ ಹುಡುಕಬಹುದು, ದುಡ್ಡಿಲ್ಲ, ಲಾಗಿನ್ ಇಲ್ಲ. ಅಧ್ಯಯನದ ಹೆಸರು, ಪ್ರಾಯೋಜಕರು ಯಾರು, ಎಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ, ಸಾರ್ವಜನಿಕರು ಯಾರನ್ನು ಸಂಪರ್ಕಿಸಬೇಕು, ಎಲ್ಲ ಇರುತ್ತದೆ. ಅತ್ತೆಯ ಅಧ್ಯಯನವೂ ಸಿಕ್ಕಿತು. ಇಂಗ್ಲಿಷಿನಲ್ಲಿ. ಅದರಲ್ಲಿ ‘ಇನ್ನೂ ರೋಗಿಗಳನ್ನು ಸೇರಿಸಿಕೊಳ್ಳಲು ಆರಂಭಿಸಿಲ್ಲ’ ಅಂತ ಬರೆದಿತ್ತು! ಅತ್ತೆಯ ಪ್ರಯೋಗ ಮುಗಿದು ಆಗಲೇ ಎರಡು ಯುಗಾದಿ ಕಳೆದಿದ್ದವು.

ಆ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಎಲ್ಲ ಕಡೆ ಇದೇ ಕತೆ ಅನ್ನುವುದು ನನ್ನ ಅನುಮಾನ. ಅಲ್ಲದೆ ಗಿರಾಕಿಗಳನ್ನು ಕಳೆದುಕೊಳ್ಳುವ ಆಸೆಯೂ ನನಗಿಲ್ಲ.

ಮೊದಲು ಈ ಪ್ರಯೋಗ ಅಂದರೇನು ಅಂತ ನನಗೆ ತಿಳಿದಷ್ಟು ಹೇಳಿಬಿಡುತ್ತೇನೆ. ಇಷ್ಟು ವರ್ಷ ಇದನ್ನೇ ಟೈಪ್ ಮಾಡಿದ್ದೇನೆ, ಸ್ವಲ್ಪವಾದರೂ ತಲೆಗೆ ಹತ್ತಿದೆ. ಆಸ್ಪತ್ರೆಯಲ್ಲಿ ನಡೆಯುವ ಎಲ್ಲ ಅಧ್ಯಯನವೂ ಪ್ರಯೋಗವಲ್ಲ. ಬಿಪಿ ನೋಡಿ ಬರೆದುಕೊಂಡರೆ, ನಾಲ್ಕು ಪ್ರಶ್ನೆ ಕೇಳಿದರೆ ಅದು ಬರೀ ಸಮೀಕ್ಷೆ. ರೋಗಿಗೆ ಏನಾದರೂ ಕೊಟ್ಟು, ಅದರಿಂದ ಏನಾಗುತ್ತದೆ ಅಂತ ನೋಡಿದರೆ ಮಾತ್ರ ಪ್ರಯೋಗ. ಸಾಮಾನ್ಯವಾಗಿ ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ಈಗ ನಡೆಯುತ್ತಿರುವ ಚಿಕಿತ್ಸೆ. ಯಾರು ಯಾವ ಗುಂಪಿಗೆ ಅನ್ನುವುದನ್ನು ಡಾಕ್ಟರೂ ಆರಿಸುವ ಹಾಗಿಲ್ಲ, ರೋಗಿಯೂ ಆರಿಸುವ ಹಾಗಿಲ್ಲ. ಕಂಪ್ಯೂಟರು ಆರಿಸುತ್ತದೆ, ಇಲ್ಲವೇ ಮುಚ್ಚಿದ ಲಕೋಟೆ. ಬೆಳಕಿಗೆ ಹಿಡಿದರೂ ಒಳಗಿನ ಅಕ್ಷರ ಕಾಣದಂಥ ದಪ್ಪ ಕಂದು ಕವರು ಬೇಕು ಅಂತ ಪಿಜಿಗಳು ನನ್ನ ಅಂಗಡಿಗೇ ಬರುತ್ತಾರೆ. ನನ್ನೆದುರಿಗೇ ಟ್ಯೂಬ್‌ಲೈಟಿಗೆ ಹಿಡಿದು ನೋಡಿ ತಗೊಂಡು ಹೋಗುತ್ತಾರೆ.

ಇಷ್ಟೆಲ್ಲ ಯಾಕೆ ಅಂದರೆ ನಮ್ಮ ಕಡೆಯ ಮೆಕ್ಕೆಜೋಳದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ ಬೀಜವನ್ನು ನೀರಿರುವ ಕಪ್ಪು ನೆಲಕ್ಕೆ ಹಾಕಿ, ಹಳೇ ಬೀಜವನ್ನು ಮೊರಡಿಗೆ ಹಾಕಿ, ‘ಹೊಸದೇ ಚಲೋ ಬಂತು’ ಅಂದರೆ ಯಾರಾದರೂ ಒಪ್ಪುತ್ತಾರಾ? ಗಟ್ಟಿಮುಟ್ಟಾದ ರೋಗಿಗಳಿಗೆಲ್ಲ ಹೊಸ ಔಷಧ, ಹಾಸಿಗೆ ಹಿಡಿದವರಿಗೆ ಹಳೇದು ಅಂತಾದರೂ ಅಷ್ಟೇ. ಹೀಗೆ ಲಾಟರಿ ಎತ್ತಿದ ಹಾಗೆ ಹಂಚುವ ಪದ್ಧತಿ ಶಾಸ್ತ್ರೀಯವಾಗಿ ಬೆಳೆದದ್ದೂ ಹೊಲದಲ್ಲೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ 1920ರ ದಶಕದಲ್ಲಿ ರೊನಾಲ್ಡ್ ಫಿಶರ್ ಎಂಬ ವಿಜ್ಞಾನಿ ಗೊಬ್ಬರ, ಬೆಳೆಗಳ ಮೇಲೆ ಮಾಡಿದ ಕೆಲಸ ಅದು. ಡಾಕ್ಟರುಗಳು ಅದನ್ನು ಆಮೇಲೆ ತೆಗೆದುಕೊಂಡರು.

ಪ್ರಯೋಗಕ್ಕೆ ಒಬ್ಬ ಪ್ರಾಯೋಜಕ ಬೇಕು. ಟಿವಿ ಕಾರ್ಯಕ್ರಮದ ಹಾಗೆ ದುಡ್ಡು ಕೊಟ್ಟು ಹೆಸರು ಹಾಕಿಸಿಕೊಳ್ಳುವವರಲ್ಲ. ಇಡೀ ಪ್ರಯೋಗದ ಹೊಣೆ ಹೊರುವವರು. ದುಡ್ಡು ಬೇರೆಯವರದ್ದೂ ಇರಬಹುದು. ಹೊಸ ಔಷಧಕ್ಕೆ ಸಾಮಾನ್ಯವಾಗಿ ಕಂಪನಿಯೇ ಪ್ರಾಯೋಜಕ, ಯಾಕೆಂದರೆ ನಾಳೆ ಮಾರುವುದು ಅದೇ ತಾನೆ. ಆದರೆ ಪೇಟೆಂಟ್ ಮುಗಿದ, ನಾಲ್ಕಾಣೆ ಎಂಟಾಣೆಯ ಹಳೇ ಗುಳಿಗೆಯಿಂದ ಇನ್ನೊಂದು ಕಾಯಿಲೆಗೂ ಉಪಯೋಗವಿದೆಯಾ ಅಂತ ಕೋಟಿಗಟ್ಟಲೆ ಸುರಿದು ನೋಡುವವರು ಯಾರು? ಯಾವ ಕಂಪನಿಗೂ ಅದರಲ್ಲಿ ಲಾಭವಿಲ್ಲ. ಅಂಥ ಕೆಲಸ ಮಾಡುವುದು ವಿಶ್ವವಿದ್ಯಾಲಯಗಳು, ಮೆಡಿಕಲ್ ಕಾಲೇಜುಗಳು. ಬಿಪಿ ಗುಳಿಗೆ ಬೆಳಿಗ್ಗೆ ತಗೋಬೇಕೋ ರಾತ್ರಿ ತಗೋಬೇಕೋ ಅನ್ನುವುದು ನಮ್ಮ ಮನೆಮನೆಯ ಪ್ರಶ್ನೆ. ಅದನ್ನು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು 21,104 ಜನರನ್ನು ಸೇರಿಸಿಕೊಂಡು ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಹೃದಯಾಘಾತ, ಪಾರ್ಶ್ವವಾಯು, ಸಾವು, ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಯಾವ ಹೊತ್ತಿಗೆ ಅನುಕೂಲವೋ ಆಗ ತಗೊಳ್ಳಬಹುದು. ‘ವ್ಯತ್ಯಾಸವಿಲ್ಲ’ ಅನ್ನುವುದೂ ದೊಡ್ಡ ಸುದ್ದಿಯೇ. ಆದರೆ ಅಂಥ ಸುದ್ದಿಗೆ ಜಾಹೀರಾತು ಕೊಡುವವರು ಇಲ್ಲ.

ಅಷ್ಟು ದೂರ ಯಾಕೆ, ನಮ್ಮ ಬೆಳಗಾವಿಯನ್ನೇ ತಗೊಳ್ಳಿ. ಹೆರಿಗೆ ಆದ ಕೂಡಲೇ ವಿಪರೀತ ರಕ್ತಸ್ರಾವ ಆಗುವುದು ಎಷ್ಟು ಅಪಾಯ ಅಂತ ಹಳ್ಳಿಯ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ಅದನ್ನು ತಡೆಯುವ ಇಂಜೆಕ್ಷನ್ನಿಗೆ ಫ್ರಿಜ್ ಬೇಕು, ಚುಚ್ಚಲು ಬರುವವರು ಬೇಕು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಎರಡೂ ಸಿಗುತ್ತಿರಲಿಲ್ಲ. ಬಾಯಲ್ಲಿ ನುಂಗುವ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರೆ ಆಗುತ್ತದಾ ಅಂತ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ಪ್ರಯೋಗ ಮಾಡಿದರು. 1,620 ತಾಯಂದಿರು ಸೇರಿದ್ದರು. ಅರ್ಧ ಜನಕ್ಕೆ ಗುಳಿಗೆ, ಅರ್ಧ ಜನಕ್ಕೆ ಅದೇ ಥರ ಕಾಣುವ ಔಷಧವಿಲ್ಲದ ಗುಳಿಗೆ. ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಊರಿನ ಸಿಸ್ಟರುಗಳು, ಅಂದರೆ ಎಎನ್ಎಂಗಳು. ಔಷಧವಿಲ್ಲದ ಗುಳಿಗೆ ಪಡೆದವರಲ್ಲಿ ನೂರಕ್ಕೆ 12 ಜನಕ್ಕೆ ವಿಪರೀತ ರಕ್ತಸ್ರಾವವಾಯಿತು. ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 6 ಜನಕ್ಕೆ. ಅರ್ಧಕ್ಕರ್ಧ ಇಳಿಯಿತು! 2006ರಲ್ಲಿ ಇದು ಲ್ಯಾನ್ಸೆಟ್ ಎಂಬ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆಫ್ರಿಕಾದ ಹಳ್ಳಿಯ ಸೂಲಗಿತ್ತಿಯವರೆಗೆ ಹೋದ ಆ ವಿದ್ಯೆಗೆ ಆಧಾರ ಕೊಟ್ಟವರಲ್ಲಿ ನಮ್ಮ ಕನ್ನಡದ ತಾಯಂದಿರೂ ಇದ್ದಾರೆ. ನನ್ನ ಅಂಗಡಿಗೆ ಬರುವ ಎಷ್ಟು ಜನಕ್ಕೆ ಇದು ಗೊತ್ತಿದೆ ಅಂತ ಕೇಳಿ ನೋಡಿದೆ. ಡಾಕ್ಟರುಗಳನ್ನು ಬಿಟ್ಟರೆ ಒಬ್ಬರಿಗೂ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮದ್ರಾಸು. ಕ್ಷಯ ಬಂದವರನ್ನು ತಿಂಗಳುಗಟ್ಟಲೆ ಆರೋಗ್ಯಧಾಮದಲ್ಲಿ ಮಲಗಿಸಲೇಬೇಕು ಅಂತ ಪ್ರಪಂಚವೇ ನಂಬಿದ್ದ ಕಾಲ. 1956ರಲ್ಲಿ ಅಲ್ಲಿ ಶುರುವಾದ ಪ್ರಯೋಗದಲ್ಲಿ 193 ರೋಗಿಗಳು. ಅರ್ಧ ಜನ ಆರೋಗ್ಯಧಾಮಕ್ಕೆ, ಅರ್ಧ ಜನ ಇಕ್ಕಟ್ಟಾದ ತಮ್ಮ ಮನೆಗೇ, ಔಷಧ ಎರಡೂ ಕಡೆ ಅದೇ. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಮನೆಯವರಿಗೆ ಅದರಿಂದ ಹೆಚ್ಚಾಗಿ ಹರಡಲೂ ಇಲ್ಲ. ಇವತ್ತು ಟಿಬಿ ಗುಳಿಗೆಯನ್ನು ಮನೆಯಲ್ಲೇ ನುಂಗುತ್ತೇವಲ್ಲ, ಅದರ ಬೇರು ಅಲ್ಲಿದೆ.

ಫಲಿತಾಂಶ ತಲುಪದಿದ್ದರೆ ಏನು ನಷ್ಟ, ಡಾಕ್ಟರಿಗೆ ತಿಳಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಕಾಗುವುದಿಲ್ಲ. ಕೊರೊನಾದ ಎರಡನೇ ಅಲೆಯನ್ನು ನೆನಪಿಸಿಕೊಳ್ಳಿ. 2021ರ ಏಪ್ರಿಲ್, ಮೇ. ವಾಟ್ಸಾಪಿನಲ್ಲಿ ಬಂದ ಗುಳಿಗೆ ಪಟ್ಟಿಗಳನ್ನು ಪ್ರಿಂಟ್ ಹಾಕಿಸಿಕೊಳ್ಳಲು ಜನ ನನ್ನ ಅಂಗಡಿಯ ಅರ್ಧ ಎಳೆದ ಶಟರ್ ಬಡಿಯುತ್ತಿದ್ದರು. ಆ ಪಟ್ಟಿಗಳಲ್ಲಿ ಸ್ಟೀರಾಯ್ಡ್ ಇರುತ್ತಿತ್ತು. ಜ್ವರ ಬಂದ ಮೊದಲ ದಿನದಿಂದಲೇ ನುಂಗಿ ಅಂತ. ಸ್ಟೀರಾಯ್ಡಿನಿಂದ ಜೀವ ಉಳಿಯುತ್ತದೆ ಎಂಬ ಸುದ್ದಿ ಊರಿಗೆ ಬಂದಿತ್ತು. ಆ ಸುದ್ದಿಯ ದ್ವಿತೀಯಾರ್ಧ, ಅಂದರೆ ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಲಾಭ ಕಂಡಿಲ್ಲ ಅನ್ನುವುದು, ಬಂದಿರಲಿಲ್ಲ. ಸಕ್ಕರೆ ಕಾಯಿಲೆಯವರು ಬೇಕಾಬಿಟ್ಟಿ ಸ್ಟೀರಾಯ್ಡ್ ನುಂಗಿದರೆ ಕಪ್ಪು ಶಿಲೀಂಧ್ರದ ಅಪಾಯ ಹೆಚ್ಚು ಅನ್ನುವುದು ನಮಗೆ ಗೊತ್ತಾಗಿದ್ದು ಎಷ್ಟೋ ಜನ ಕಣ್ಣು ಕಳೆದುಕೊಂಡ ಮೇಲೆ.

ಸ್ಟೀರಾಯ್ಡಿನ ಆ ಸುದ್ದಿ ಹುಟ್ಟಿದ ಪ್ರಯೋಗ ಕೂಡ ವಿಶ್ವವಿದ್ಯಾಲಯದ್ದೇ. ಹೆಸರು ರಿಕವರಿ. ಅದರ ಫಲಿತಾಂಶ ಒಂದು ಪುಟದಲ್ಲಿ ಕನ್ನಡದಲ್ಲಿ ಬಂದಿದ್ದರೆ ಹೇಗಿರುತ್ತಿತ್ತು? ನಾನೇ ಬರೆದು ನೋಡಿದೆ. ಅಂಗಡಿಗೆ ಬರುವ ಒಬ್ಬ ಡಾಕ್ಟರಮ್ಮ ಅಂಕಿಗಳನ್ನು ನೋಡಿ ಸರಿ ಇದೆ ಅಂದರು. ಹೀಗಿದೆ:

‘ಕೊರೊನಾದಿಂದ ಆಸ್ಪತ್ರೆ ಸೇರಿದವರಿಗೆ ಡೆಕ್ಸಾಮೆಥಾಸೋನ್ ಎಂಬ ಹಳೇ ಸ್ಟೀರಾಯ್ಡ್ ಕೊಟ್ಟರೆ ಸಾವು ಕಡಿಮೆಯಾಗುತ್ತದಾ ಅಂತ ನೋಡಿದೆವು. ಹೊಣೆ ಹೊತ್ತಿದ್ದು ಬ್ರಿಟನ್ನಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ. 2020ರ ಮಾರ್ಚ್‌ನಲ್ಲಿ ಶುರುಮಾಡಿ, ಜೂನ್‌ನಲ್ಲಿ ಫಲಿತಾಂಶ ಹೇಳಿದೆವು. 2,104 ರೋಗಿಗಳಿಗೆ ಈ ಔಷಧವನ್ನು ದಿನಕ್ಕೊಮ್ಮೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ ಕೊಟ್ಟೆವು. 4,321 ರೋಗಿಗಳಿಗೆ ಮಾಮೂಲಿ ಚಿಕಿತ್ಸೆ. ಯಾರಿಗೆ ಯಾವುದು ಅಂತ ಆರಿಸಿದ್ದು ಕಂಪ್ಯೂಟರ್. 28 ದಿನದ ನಂತರ ಲೆಕ್ಕ ನೋಡಿದೆವು. ವೆಂಟಿಲೇಟರ್ ಮೇಲಿದ್ದವರಲ್ಲಿ, ಮಾಮೂಲಿ ಚಿಕಿತ್ಸೆ ಪಡೆದ ನೂರು ಜನರಲ್ಲಿ ಸುಮಾರು 41 ಮಂದಿ ತೀರಿಕೊಂಡಿದ್ದರು, ಔಷಧ ಪಡೆದ ನೂರು ಜನರಲ್ಲಿ ಸುಮಾರು 29. ಬರೀ ಆಕ್ಸಿಜನ್ ಮೇಲಿದ್ದವರಲ್ಲಿ 26 ಇದ್ದದ್ದು 23ಕ್ಕೆ ಇಳಿಯಿತು. ಆಕ್ಸಿಜನ್ ಬೇಕಿಲ್ಲದವರಲ್ಲಿ ಲಾಭ ಕಾಣಲಿಲ್ಲ. ಅವರಲ್ಲಿ ಔಷಧ ಪಡೆಯದ ನೂರರಲ್ಲಿ 14, ಪಡೆದ ನೂರರಲ್ಲಿ ಸುಮಾರು 18 ಮಂದಿ ತೀರಿಕೊಂಡರು. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಆದ್ದರಿಂದ ಉಸಿರಾಟಕ್ಕೆ ಆಕ್ಸಿಜನ್ ಬೇಕಾಗುವಷ್ಟು ಕಾಯಿಲೆ ಇಲ್ಲದವರು ಕೊರೊನಾಗೆ ಅಂತ ಇದನ್ನು ತೆಗೆದುಕೊಳ್ಳಬಾರದು. ಈ ಪ್ರಯೋಗಕ್ಕೆ ಸೇರಿದ ಎಲ್ಲರಿಗೂ, ಅವರ ಮನೆಯವರಿಗೂ ನಮ್ಮ ಕೃತಜ್ಞತೆ.’

ಇಷ್ಟೇ. ಅರ್ಧ ಪುಟವೂ ಆಗಲಿಲ್ಲ. ಕೊನೆಯಲ್ಲಿರುವ ಆಕ್ಸಿಜನ್ನಿನ ಸಾಲು ದಪ್ಪಕ್ಷರದಲ್ಲಿ ನಮ್ಮ ಮೆಡಿಕಲ್ ಸ್ಟೋರುಗಳ ಗೋಡೆ ಮೇಲೆ ಇದ್ದಿದ್ದರೆ ಅಂತ ಅನಿಸುತ್ತದೆ. ಕೊರೊನಾದಿಂದ ಗುಣವಾದವರ ರಕ್ತದಿಂದ ತೆಗೆದು ರೋಗಿಗಳಿಗೆ ಕೊಡುತ್ತಿದ್ದ ಪ್ಲಾಸ್ಮಾದ ಕತೆಯೂ ಹೀಗೇ. ಐಸಿಎಂಆರ್ ನಮ್ಮ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ರಯೋಗ ಮಾಡಿ, ಸಾವು ಕಡಿಮೆಯಾಗಲಿಲ್ಲ ಅಂತ 2020ರಲ್ಲೇ ಹೇಳಿತ್ತು. ಮುಂದಿನ ವರ್ಷದ ಮೇ ತಿಂಗಳವರೆಗೂ ಜನ ‘ಪ್ಲಾಸ್ಮಾ ಬೇಕು’ ಅಂತ ಸ್ಟೇಟಸ್ ಹಾಕಿಕೊಂಡು ಅಲೆದರು.

ಇದೇನು ನಾನು ಕನಸಿನಲ್ಲಿ ಕಂಡ ಬೇಡಿಕೆ ಅಲ್ಲ. ಯುರೋಪಿನ ದೇಶಗಳಲ್ಲಿ ಕಾನೂನೇ ಇದೆ. 2014ರ 536ನೇ ನಿಯಮ, 2022ರ ಜನವರಿ 31ರಿಂದ ಜಾರಿಯಲ್ಲಿದೆ. ಔಷಧ ಪ್ರಯೋಗ ಮುಗಿದ ಒಂದು ವರ್ಷದೊಳಗೆ ಪ್ರಾಯೋಜಕರು ಫಲಿತಾಂಶದ ಜತೆಗೆ ಸಾಮಾನ್ಯ ಜನಕ್ಕೆ ಅರ್ಥವಾಗುವ ಸಾರಾಂಶವನ್ನೂ ಸಾರ್ವಜನಿಕವಾಗಿ ಹಾಕಬೇಕು. ಯಾಕೆ ಮಾಡಿದರು, ಯಾರು ಸೇರಿದ್ದರು, ಏನು ಕೊಟ್ಟರು, ಏನು ಅಡ್ಡಪರಿಣಾಮ ಆಯಿತು, ಕೊನೆಗೆ ಏನು ಗೊತ್ತಾಯಿತು, ಎಲ್ಲ ಬರಬೇಕು. ಕಂಪನಿಗೂ ಅದೇ ನಿಯಮ, ವಿಶ್ವವಿದ್ಯಾಲಯಕ್ಕೂ ಅದೇ. ಇನ್ನು ವೈದ್ಯರ ಜಾಗತಿಕ ಸಂಘ 1964ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಮಾಡಿದ ಘೋಷಣೆಯನ್ನು ನಮ್ಮ ಥೀಸಿಸ್‌ಗಳಲ್ಲೂ ಭಯಭಕ್ತಿಯಿಂದ ಉಲ್ಲೇಖಿಸುತ್ತಾರೆ. ಆಮೇಲೆ ತಿದ್ದುಪಡಿಯಾದ ಅದೇ ಘೋಷಣೆಯಲ್ಲಿ, ಪ್ರಯೋಗಕ್ಕೆ ಸೇರಿದವರಿಗೆ ಅದರ ಒಟ್ಟಾರೆ ಫಲಿತಾಂಶ ತಿಳಿದುಕೊಳ್ಳುವ ಅವಕಾಶ ಇರಬೇಕು ಅಂತ ಇದೆ. ಉಲ್ಲೇಖಿಸುವವರು ಆ ಸಾಲಿನವರೆಗೆ ಓದಿದ್ದಾರಾ ಅಂತ ನನಗೆ ಅನುಮಾನ.

ಜನಕ್ಕೆ ಭಯವಿದೆ. “ನಮ್ಮನ್ನ ಇಲಿ ಮಾಡ್ತಾರೆ” ಅನ್ನುವ ಮಾತು ನಾನು ತುಂಬ ಕೇಳಿದ್ದೇನೆ. ಭಯಕ್ಕೆ ಕಾರಣವೂ ಇದೆ. ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠ ಕ್ಯಾನ್ಸರ್ ಲಸಿಕೆಯ ಅಧ್ಯಯನದಲ್ಲಿ ಹಾಸ್ಟೆಲಿನ ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಒಪ್ಪಿಗೆಗೆ ಸಹಿ ಹಾಕಿದ್ದು ದೊಡ್ಡ ಗಲಾಟೆಯಾಯಿತು. 2010ರಲ್ಲಿ ಅದನ್ನು ನಿಲ್ಲಿಸಿದರು. ಸುಪ್ರೀಂ ಕೋರ್ಟಿನಲ್ಲೂ ಪ್ರಯೋಗಗಳ ಬಗ್ಗೆ ಕೇಸು ನಡೆಯಿತು. ಆಮೇಲೆ ನಿಯಮ ಬಿಗಿಯಾದವು. ಈಗ ಇರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು. ಅದರ ಪ್ರಕಾರ ಒಪ್ಪಿಗೆ ಪತ್ರ ನಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಓದಿ ಹೇಳುವಾಗ ಪ್ರಯೋಗಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಕೂತಿರಬೇಕು. ಒಂದು ಪ್ರತಿ ನಮ್ಮ ಕೈಗೆ ಕೊಡಬೇಕು. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಅದಕ್ಕೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಪ್ರಯೋಗದಿಂದಲೇ ಅಪಾಯವಾದರೆ ಚಿಕಿತ್ಸೆಯ ಖರ್ಚು ನಮ್ಮದಲ್ಲ, ಪರಿಹಾರಕ್ಕೂ ದಾರಿ ಇದೆ. ಗಂಭೀರ ತೊಂದರೆಯಾದರೆ ಡಾಕ್ಟರು 24 ಗಂಟೆಯೊಳಗೆ ಮೇಲಕ್ಕೆ ತಿಳಿಸಬೇಕು.

ಈ ನಿಯಮಗಳಲ್ಲಿ ಕಾಲೇಜುಗಳವರಿಗೆ ಒಂದು ಸಡಿಲಿಕೆಯೂ ಇದೆ. ಆಗಲೇ ಮಂಜೂರಾದ ಔಷಧವನ್ನು ಬರೀ ವಿದ್ಯೆಗಾಗಿ, ಮಾರಾಟದ ಉದ್ದೇಶವಿಲ್ಲದೆ, ಹೊಸ ಕಾಯಿಲೆಗೋ ಹೊಸ ಪ್ರಮಾಣದಲ್ಲೋ ಕೊಟ್ಟು ನೋಡುವುದಾದರೆ ದೆಹಲಿಯ ಔಷಧ ನಿಯಂತ್ರಕರ ಅನುಮತಿ ಸಾಮಾನ್ಯವಾಗಿ ಬೇಕಿಲ್ಲ. ಸೇರುವ ರೋಗಿಗಳ ಹಿತ ಕಾಯಲು ಪ್ರಯೋಗವನ್ನು ಪರಿಶೀಲಿಸುವ ನೈತಿಕ ಸಮಿತಿ ಒಪ್ಪಿದರೆ ಸಾಕು. ಇದು ಸರಿಯಾದದ್ದೇ, ಇಲ್ಲದಿದ್ದರೆ ನಮ್ಮ ಪಿಜಿಗಳು ಕಾಗದ ಪತ್ರದಲ್ಲೇ ಮುದುಕರಾಗುತ್ತಾರೆ. ಆದರೆ ಆಗ ಎಲ್ಲ ಭಾರವೂ ಆ ಸಮಿತಿಯ ಮೇಲೆ ಬೀಳುತ್ತದೆ. ಸಮಿತಿಯಲ್ಲಿ ಕನಿಷ್ಠ 7 ಜನ, ಅರ್ಧದಷ್ಟಾದರೂ ಆ ಸಂಸ್ಥೆಯ ಹೊರಗಿನವರು. ಅದರಲ್ಲಿ ಒಬ್ಬರು ಕಾನೂನು ಬಲ್ಲವರು, ಒಬ್ಬರು ನಮ್ಮ ನಿಮ್ಮಂಥ ಸಾಮಾನ್ಯರು. ನಮ್ಮೂರಿನ ಸಮಿತಿಗಳಲ್ಲಿ ಆ ಸಾಮಾನ್ಯರು ಯಾರೋ, ನನಗಂತೂ ಒಬ್ಬರೂ ಸಿಕ್ಕಿಲ್ಲ. ಸಿಕ್ಕರೆ ಒಂದು ಪ್ರಶ್ನೆ ಕೇಳುವುದಿದೆ: ಅನುಮತಿ ಕೊಡುವಾಗ ‘ಮುಗಿದ ಮೇಲೆ ಇವರಿಗೆ ಹೇಗೆ ತಿಳಿಸುತ್ತೀರಿ’ ಅಂತ ನೀವು ಡಾಕ್ಟರನ್ನು ಕೇಳುತ್ತೀರಾ?

ನಾನು ಈ ಮಾತು ಎತ್ತಿದಾಗ ಒಬ್ಬ ಪಿಜಿ ನಕ್ಕು, “ಅಕ್ಕಾ, ಇಂಗ್ಲಿಷ್ ಥೀಸಿಸ್ಸೇ ನಮ್ಮ ಗೈಡ್ ಪೂರ್ತಿ ಓದಲ್ಲ, ಕನ್ನಡದ್ದು ಯಾರು ಓದ್ತಾರೆ?” ಅಂದ. ನಗುವಂಥ ಮಾತೇ, ಆದರೆ ಉತ್ತರವಲ್ಲ. ಇನ್ನೊಬ್ಬ ಹಿರಿಯ ಡಾಕ್ಟರು ಹೇಳಿದ ಮಾತು ಮಾತ್ರ ತೂಕದ್ದು. ಪಿಜಿ ಥೀಸಿಸ್ ಅಂದರೆ ಅರವತ್ತೋ ನೂರೋ ರೋಗಿಗಳು. ಅಷ್ಟರಿಂದ ಯಾವ ಔಷಧವನ್ನೂ ಒಳ್ಳೇದು ಕೆಟ್ಟದ್ದು ಅನ್ನಲು ಬರುವುದಿಲ್ಲ. ಅದನ್ನು ಕನ್ನಡದಲ್ಲಿ ಹಾಕಿದರೆ ಜನ ಓದಿ, ತಮ್ಮ ಗುಳಿಗೆ ತಾವೇ ಬದಲಾಯಿಸಿಬಿಟ್ಟರೆ ಏನು ಗತಿ ಅಂತ ಅವರ ಆತಂಕ. ಒಪ್ಪುತ್ತೇನೆ. ಆದರೆ ಅದನ್ನೇ ಬರೆಯಬಹುದಲ್ಲ? ‘ನಾವು ನೋಡಿದ್ದು ಬರೀ ಅರವತ್ತು ಜನರನ್ನು. ಇದರಿಂದ ಖಚಿತವಾಗಿ ಏನೂ ಹೇಳಲು ಬರುವುದಿಲ್ಲ. ನಿಮ್ಮ ಡಾಕ್ಟರನ್ನು ಕೇಳದೆ ಏನನ್ನೂ ಬದಲಾಯಿಸಬೇಡಿ.’ ಇದನ್ನು ಓದಿ ನನ್ನ ಅತ್ತೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಳೆ ಬರುತ್ತೋ ಇಲ್ಲವೋ ಅಂತ ಗೊತ್ತಿಲ್ಲದೆಯೇ ಬಿತ್ತಿದವರು ಅವರು. ಖಚಿತವಾಗಿ ಗೊತ್ತಿಲ್ಲ ಅನ್ನುವ ಮಾತನ್ನು ತಾಳಿಕೊಳ್ಳುವ ಶಕ್ತಿ ಅವರಿಗೆ ಚೆನ್ನಾಗಿಯೇ ಇದೆ. ಕೇಳಿದ್ದಕ್ಕೆ ಯಾರೂ ಉತ್ತರ ಕೊಡದಿರುವುದು ಮಾತ್ರ ಅವರಿಗೆ ಅವಮಾನ ಅನಿಸುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ದಾವಣಗೆರೆ, ಚಿತ್ರದುರ್ಗದ ಮೆಡಿಕಲ್, ಡೆಂಟಲ್, ಆಯುರ್ವೇದ ಕಾಲೇಜುಗಳಲ್ಲಿ ರೋಗಿಗಳನ್ನು ಸೇರಿಸಿಕೊಂಡು ಯಾವ ಪ್ರಯೋಗ ಮುಗಿದರೂ ಒಂದು ಪುಟ ಕನ್ನಡದಲ್ಲಿ ಬರೆಯಲಿ. ಆ ಪುಟ ಇಲ್ಲದೆ ಪ್ರಯೋಗದ ಕಡತ ಮುಚ್ಚಬಾರದು ಅಂತ ನೈತಿಕ ಸಮಿತಿಗಳು ಒಂದು ಷರತ್ತು ಹಾಕಿದರೆ ಸಾಕು, ಹೊಸ ಕಾನೂನು ಬೇಕಿಲ್ಲ. ಒಂದು ಪ್ರತಿ ಓಪಿಡಿಯ ಗೋಡೆಗೆ ಬರಲಿ, ಡಯಟ್ ಚಾರ್ಟಿನ ಪಕ್ಕದಲ್ಲಿ ಜಾಗ ಇದ್ದೇ ಇದೆ. ಒಂದು ಪ್ರತಿ ಸೇರಿದವರ ಮನೆಗೆ ಅಂಚೆಯಲ್ಲೋ ವಾಟ್ಸಾಪಿನಲ್ಲೋ ಹೋಗಲಿ. ರಕ್ತ ಕೊಡಲು ಕರೆಯುವಾಗ ಅತ್ತೆಗೆ ಫೋನ್ ಮೇಲೆ ಫೋನ್ ಬರುತ್ತಿತ್ತು. ಆ ನಂಬರು ಈಗಲೂ ಅದೇ ಇದೆ. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯರು ಓದಿ ಹೇಳಬಹುದು, ಆದರೆ ಅದಕ್ಕೆ ಅವರಿಗೆ ಬೇರೆಯಾಗಿ ಕಾಸು ಕೊಡಿ. ಅವರ ತಲೆ ಮೇಲೆ ಈಗಾಗಲೇ ಸಾಕಷ್ಟು ಪುಕ್ಕಟೆ ಕೆಲಸ ಹೇರಿದ್ದೀರಿ.

ಸಂಪಾದಕರೇ, ನಿಮ್ಮನ್ನೂ ಬಿಡುವುದಿಲ್ಲ. ಭವಿಷ್ಯಕ್ಕೆ ದಿನಾ ಜಾಗ ಕೊಡುತ್ತೀರಿ. ವಾರಕ್ಕೊಮ್ಮೆ ಅಂಗೈಯಗಲ ಜಾಗವನ್ನು ನಮ್ಮ ಭಾಗದಲ್ಲಿ ಮುಗಿದ ಒಂದು ಪ್ರಯೋಗದ ಫಲಿತಾಂಶಕ್ಕೆ ಕೊಡಿ. ಹಾಕುವ ಮುನ್ನ ಸಂಬಂಧವಿಲ್ಲದ ಒಬ್ಬ ಡಾಕ್ಟರಿಗೆ ತೋರಿಸಿ. ‘ಪವಾಡ ಔಷಧ’ ಅಂತ ಹೆಡ್ಡಿಂಗ್ ಮಾತ್ರ ಕೊಡಬೇಡಿ.

ಪಿಜಿ ಡಾಕ್ಟರುಗಳಿಗೂ ಒಂದು ಮಾತು. ಫಲಿತಾಂಶದ ಆ ಒಂದು ಕನ್ನಡ ಪುಟದ ಟೈಪಿಂಗಿಗೆ ನನ್ನ ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ತಿದ್ದುಪಡಿ ಎಷ್ಟು ಸಲ ತಂದರೂ ಸರಿ. ಮಾಸ್ಟರ್ ಚಾರ್ಟಿಗೆ ಮಾತ್ರ ಮಾಮೂಲಿ ರೇಟು, ಅದರಲ್ಲಿ ಚೌಕಾಸಿ ಇಲ್ಲ.

ಪತ್ರ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ಮದ್ರಾಸಿನ ಪ್ಯಾರಾ ತೆಗೆಯಿರಿ, ನನ್ನ ಅಂಗಡಿಯ ವಿಷಯ ತೆಗೆಯಿರಿ. ಡೆಕ್ಸಾಮೆಥಾಸೋನ್ ಮಾದರಿ ಪುಟವನ್ನು ಮಾತ್ರ ಪೂರ್ತಿ ಹಾಕಿ, ಅದರ ಆಕ್ಸಿಜನ್ ಸಾಲನ್ನು ದಯವಿಟ್ಟು ಕತ್ತರಿಸಬೇಡಿ.

ಇಂತಿ,
ಡಿಟಿಪಿ ಅಂಗಡಿಯವಳು, ದಾವಣಗೆರೆ
(ಹೆಸರು, ವಿಳಾಸ ಬೇರೆ ಹಾಳೆಯಲ್ಲಿದೆ, ಪ್ರಕಟಣೆಗೆ ಅಲ್ಲ)